ಸೊಂಟಕ್ಕೆ ಕಟ್ಟಿಕೊಂಡದ್ದೇ ಜೊತೆಗೆ ಬರುತ್ತದೆ

ಕೊಡಗಿನ ಪೊನ್ನಂಪೇಟೆ ಕಡೆಯಿಂದ ಎರಡು ಸೀಟಿನ ಮೈಕ್ರೋಲೈಟ್ ವಿಮಾನ ಮೇಲೇರಿದರೆ ಸ್ವಲ್ಪ ಹೊತ್ತಿನಲ್ಲೇ ಗದ್ದೆ, ಕಾಫಿ ತೋಟ ಎಲ್ಲ ಹಿಂದೆ ಸರಿಯುತ್ತವೆ. ಪೂರ್ವಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬ್ರಹ್ಮಗಿರಿ. ಕೆಳಗೆ ಬರೀ ಮರದ ನೆತ್ತಿ. ಎಂಜಿನ್ ಕೈಕೊಟ್ಟರೆ ಇಳಿಸಲು ಅಲ್ಲಿ ಕಾಫಿ ಕಣದಷ್ಟು ಬಯಲೂ ಸಿಗುವುದಿಲ್ಲ.

ಹಾರಾಟ ಕಲಿಯುತ್ತಿರುವ ನನ್ನ ತಂಗಿಯ ಮಗ ಕಳೆದ ವರ್ಷ ನಮ್ಮ ಮನೆಯಲ್ಲಿ ಕೂತು ಆಪತ್ತಿಗೆಂದು ಒಂದು ಚೀಲ ತುಂಬುತ್ತಿದ್ದ. ಕೈಯಲ್ಲಿ ಅಮೆರಿಕದ ಅಲಾಸ್ಕಾ ರಾಜ್ಯದ ಹಳೆಯ ಪಟ್ಟಿ. ಸಣ್ಣ ವಿಮಾನದಲ್ಲಿ ಏನೇನು ಇರಲೇಬೇಕು ಅನ್ನುವುದಕ್ಕೆ ಅಲ್ಲಿ ಕಾನೂನೇ ಇದೆ. ಆ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಆಹಾರ, ತಲೆಗೆ ಸೊಳ್ಳೆಬಲೆ; ಜೊತೆಗೆ ಒಂದು ಕೊಡಲಿ, ಚಾಕು, ಪ್ರಥಮ ಚಿಕಿತ್ಸೆಯ ಡಬ್ಬಿ, ಮೀನು ಹಿಡಿಯುವ ಸಾಮಾನು, ಬೆಂಕಿ ಹಚ್ಚಲು ಏನಾದರೂ. ಚಳಿಗಾಲವಾದರೆ ಮಲಗುವ ಚೀಲವೂ ಬೇಕಿತ್ತು. ಆ ನೆಲಕ್ಕೆ ಅದು ಸರಿ. ಆದರೆ ಕೊಡಗಿನ ಕಾಡು ಮನುಷ್ಯನನ್ನು ಕಾಡುವ ರೀತಿಯೇ ಬೇರೆ.

ಅವನ ಚೀಲದ ಅರ್ಧ ಭಾಗ ಬಿಸ್ಕತ್ತು. ನಾನು ತೆಗೆಸಿದೆ. ಮೂರು ದಿನ ಊಟ ಇಲ್ಲದಿದ್ದರೆ ಸಂಕಟ ಆಗುತ್ತದೆ, ಜೀವ ಹೋಗುವುದಿಲ್ಲ. ಒದ್ದೆ ಮೈಯಲ್ಲಿ ಒಂದು ರಾತ್ರಿ ಗಾಳಿಗೆ ಕೂತರೆ ಹೋಗಬಹುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನೆನೆದರೆ ಮೈಯ ಬಿಸಿ ಸೋರುತ್ತಲೇ ಇರುತ್ತದೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಆಮೇಲೆ ಮಂಕು. ಕೈಬೆರಳು ಮಾತು ಕೇಳುವುದಿಲ್ಲ, ಬುದ್ಧಿ ಓಡುವುದಿಲ್ಲ. ಇದಕ್ಕೆ ಹಿಮ ಬೀಳಬೇಕಾಗಿಲ್ಲ. ಮಳೆ, ಗಾಳಿ ಜೊತೆಗಿದ್ದರೆ 15 ಡಿಗ್ರಿಯೇ ಸಾಕು. ಜೋರು ಮಳೆಗಾಲದಲ್ಲಿ ಯಾರೂ ಹಾರಿಸುವುದಿಲ್ಲ, ನಿಜ. ಆದರೆ ಅಕ್ಟೋಬರಿನ ಹಿಂಗಾರು, ಏಪ್ರಿಲಿನ ಹೂಮಳೆ ಹೇಳಿಕೇಳಿ ಬರುತ್ತವಾ?

ಇದಕ್ಕೆ ಮದ್ದು ನಮ್ಮ ತೋಟದಲ್ಲೇ ಇದೆ. ಕೆಲಸಕ್ಕೆ ಬರುವವರು ತಲೆಯಿಂದ ಮೊಣಕಾಲಿನವರೆಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆ. ಮೊದಲು ಅದು ಕಂಬಳಿಯದಾಗಿತ್ತು. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗಿಡುತ್ತದೆ, ಹತ್ತಿ ಇಡುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆ ಒಂದು, ಒಳಗೆ ಹಾಕಲು ಉಣ್ಣೆ ಬನಿಯನ್ ಒಂದು. ಹಾಳೆ ಕಿತ್ತಳೆ ಬಣ್ಣದ್ದಾಗಿರಲಿ. ಹಸಿರು, ನೀಲಿ ಕಾಡಿನಲ್ಲಿ ಕಾಣುವುದಿಲ್ಲ.

ಬೆಂಕಿಯ ವಿಷಯದಲ್ಲಿ ನಾನೇ ಪರೀಕ್ಷೆ ಮಾಡಿ ನೋಡಿದೆ. ಜುಲೈ ತಿಂಗಳು, ಮೂರು ದಿನ ಬಿಡದೆ ಮಳೆ. ಬೆಂಕಿಪೊಟ್ಟಣ ಜೇಬಲ್ಲೇ ಮೆತ್ತಗಾಗಿತ್ತು. ಲೈಟರಿನ ಚಕ್ರ ಒದ್ದೆ ಹೆಬ್ಬೆರಳಿಗೆ ಜಾರುತ್ತಿತ್ತು, ಹೇಗೋ ಹೊತ್ತಿಸಿದರೆ ಸೌದೆ ಹಿಡಿಯಲಿಲ್ಲ. ನೋಡುತ್ತ ನಿಂತಿದ್ದ ತೋಟದ ಮೇಸ್ತ್ರಿ, "ಸೈಕಲ್ ಟ್ಯೂಬ್ ಇಡಿ ಅಕ್ಕ" ಅಂದರು. ಬೆರಳಗಲದ ರಬ್ಬರ್ ಪಟ್ಟಿ. ನೀರು ಕೊಡವಿ ಲೈಟರ್ ಹಿಡಿದೆ. ಕಪ್ಪು ಹೊಗೆ ಬಿಡುತ್ತಾ ನಿಧಾನಕ್ಕೆ ಉರಿಯಿತು, ಅಷ್ಟರಲ್ಲಿ ಸೀಳಿದ ಬಿದಿರಿನ ಚಕ್ಕೆಗಳು ಹಿಡಿದುಕೊಂಡವು. ರಬ್ಬರ್ ನೀರು ಹೀರುವುದಿಲ್ಲ, ಗುಟ್ಟು ಅಷ್ಟೇ. ವ್ಯಾಸಲೀನ್ ಮೆತ್ತಿದ ಹತ್ತಿಯೂ ಹಾಗೆಯೇ ಉರಿಯುತ್ತದೆ.

ಕೊಡಗಿನಲ್ಲಿ ಎಲ್ಲಕ್ಕಿಂತ ಕಷ್ಟ ಕಾಣಿಸಿಕೊಳ್ಳುವುದು. ಮರದ ಚಪ್ಪರದ ಕೆಳಗೆ ಕನ್ನಡಿಗೆ ಬಿಸಿಲೇ ಸಿಗುವುದಿಲ್ಲ, ಹೊಗೆ ಮಂಜಿನಲ್ಲಿ ಕರಗಿಹೋಗುತ್ತದೆ. ಅದಕ್ಕೇ 406 ಮೆಗಾಹರ್ಟ್ಸ್‌ನ ಬೀಕನ್, ಅಂದರೆ ಆಪತ್ತಿನ ಸಂಕೇತ ಕಳಿಸುವ ಪುಟ್ಟ ರೇಡಿಯೋ ಬೇಕು. ಸುಮಾರು 50 ಸೆಕೆಂಡಿಗೊಮ್ಮೆ ಅದು ಅರ್ಧ ಸೆಕೆಂಡಿನ ಒಂದು ಕೂಗು ಕಳಿಸುತ್ತದೆ. ಆಪತ್ತಿನ ಕರೆ ಹಿಡಿಯಲೆಂದೇ ಹಲವು ದೇಶಗಳು ಸೇರಿ ನಡೆಸುವ ಕಾಸ್ಪಾಸ್-ಸಾರ್ಸಾಟ್ ವ್ಯವಸ್ಥೆಯ ಉಪಗ್ರಹಗಳು ಅದನ್ನು ಕೇಳಿ ನೆಲಕ್ಕೆ ಮುಟ್ಟಿಸುತ್ತವೆ. ಭಾರತದಲ್ಲಿ ಆ ಕರೆ ಬಂದು ಸೇರುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, ಇಸ್ರೋ ಕೈಯಲ್ಲಿ. ಬೀಕನ್ನಿನಲ್ಲಿ ಜಿಪಿಎಸ್ ಇದ್ದರೆ ಹುಡುಕುವ ಜಾಗ ಕಿಲೋಮೀಟರುಗಳಿಂದ ನೂರಿನ್ನೂರು ಮೀಟರಿಗೆ ಇಳಿಯುತ್ತದೆ. ಹಳೆಯ 121.5 ಮೆಗಾಹರ್ಟ್ಸ್‌ನ ಬೀಕನ್ ಮಾತ್ರ ಇಟ್ಟುಕೊಂಡವರು ಗಮನಿಸಿ: 2009ರಿಂದ ಉಪಗ್ರಹಗಳು ಅದನ್ನು ಕೇಳುವುದನ್ನು ಬಿಟ್ಟಿವೆ. ಹತ್ತಿರ ಬಂದ ಹೆಲಿಕಾಪ್ಟರಿಗೆ ದಾರಿ ತೋರಲು ಮಾತ್ರ ಅದು ಉಪಯೋಗ. ವಿದೇಶಿ ಪಟ್ಟಿಗಳಲ್ಲಿ ಸ್ಯಾಟಲೈಟ್ ಫೋನ್ ಇರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವುದು ಅಪರಾಧ. ಸುಮ್ನೆ ತರಿಸಬೇಡಿ.

ಇನ್ನು ಸಣ್ಣಪುಟ್ಟವು. ಕಿರುಚಿ ಗಂಟಲು ಕಟ್ಟಿದ ಮೇಲೂ ಊದಬಹುದಾದ ಸೀಟಿ, ಮೂರು ಸಲ ಊದಿ, ಸ್ವಲ್ಪ ನಿಲ್ಲಿಸಿ, ಮತ್ತೆ ಊದಬೇಕು. ರಕ್ತ ನಿಲ್ಲಿಸುವ ಅಗಲ ಬ್ಯಾಂಡೇಜು. ಕ್ಲೋರಿನ್ ಮಾತ್ರೆ, ಯಾಕೆಂದರೆ ತೊರೆಯ ನೀರು ತಿಳಿಯಾಗಿದ್ದರೂ ಇಲಿ ಜ್ವರದ ಭಯ ಇದ್ದೇ ಇದೆ. ಬಟ್ಟೆಯಲ್ಲಿ ಕಟ್ಟಿದ ಉಪ್ಪು, ಜಿಗಣೆಗೆ. ಜಿಗಣೆ ಕಚ್ಚಿ ಯಾರೂ ಸಾಯುವುದಿಲ್ಲ. ಆದರೆ ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ತುಂಬ ಹೊತ್ತು ಸೋರುತ್ತದೆ, ಮೊದಲೇ ಹೆದರಿದವರ ಧೈರ್ಯ ಇನ್ನಷ್ಟು ಕುಗ್ಗುತ್ತದೆ.

1971ರ ಡಿಸೆಂಬರ್ 24ರಂದು ಪೆರುವಿನ ಮಳೆಕಾಡಿನ ಮೇಲೆ ವಿಮಾನ ಒಡೆದು ಬಿತ್ತು. 17 ವರ್ಷದ ಯೂಲಿಯಾನೆ ಕೋಪ್ಕೆ ಒಬ್ಬಳೇ ಉಳಿದಳು. ಒಂದು ಪೊಟ್ಟಣ ಮಿಠಾಯಿ ಹಿಡಿದು, ತೊರೆಯ ಜಾಡಿನಲ್ಲಿ ನಡೆದು, 11ನೇ ದಿನದ ಹೊತ್ತಿಗೆ ಮನುಷ್ಯರನ್ನು ಕಂಡಳು. ಈ ಕಥೆ ಕೇಳಿದವರೆಲ್ಲ "ಹೊಳೆ ಹಿಡಿದು ನಡೆ" ಅನ್ನುತ್ತಾರೆ. ಕೊಡಗಿನ ಪಶ್ಚಿಮ ಅಂಚಿನಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಹೊಳೆ ಎಂದರೆ ಪಾಚಿ ಹಿಡಿದ ಬಂಡೆ, ಅದರಾಚೆ ಜಲಪಾತ. ಬೀಕನ್ ಕೆಲಸ ಮಾಡುತ್ತಿದ್ದರೆ ವಿಮಾನದ ಹತ್ತಿರವೇ ಇರಿ. ಮುರಿದ ರೆಕ್ಕೆ ಮನುಷ್ಯನಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

2023ರ ಮೇ 1ರಂದು ಕೊಲಂಬಿಯಾದ ಕಾಡಿನಲ್ಲಿ ಸಣ್ಣ ಸೆಸ್ನಾ ವಿಮಾನ ಬಿದ್ದು ದೊಡ್ಡವರು ಮೂವರೂ ತೀರಿಕೊಂಡರು. ನಾಲ್ಕು ಮಕ್ಕಳು 40 ದಿನ ಬದುಕಿದರು. 13 ವರ್ಷದ ಅಕ್ಕ ಮೂವರು ಚಿಕ್ಕವರನ್ನು ಕಾಪಾಡಿದಳು, ಕೊನೆಯದು ಇನ್ನೂ ಕೂಸು. ಮೊದಲು ಅವರ ಹೊಟ್ಟೆ ಹೊರೆದದ್ದು ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು, ಆಮೇಲೆ ಕಾಡಿನ ಹಣ್ಣು. ಯಾವ ಹಣ್ಣು ತಿನ್ನಬಹುದು ಅನ್ನುವುದು ಆ ಹುಡುಗಿಗೆ ಮನೆಯವರಿಂದ ಗೊತ್ತಿತ್ತು.

ತಂಗಿಯ ಮಗನ ಚೀಲ ಈಗ ಎರಡು ಕೆಜಿಯೊಳಗಿದೆ. ಮೈಕ್ರೋಲೈಟಿನಲ್ಲಿ ಅದಕ್ಕಿಂತ ಜಾಸ್ತಿಗೆ ಜಾಗವೂ ಇಲ್ಲ. ಮೊದಲು ಅದನ್ನು ಸೀಟಿನ ಹಿಂದೆ ಸಿಕ್ಕಿಸುತ್ತಿದ್ದ. ವಿಮಾನ ಮರದ ಮೇಲೆ ಸಿಕ್ಕಿಹಾಕಿಕೊಂಡು ನೀನು ಕೆಳಗೆ ಬಿದ್ದರೆ, ಇಲ್ಲ ಬೆಂಕಿ ಹತ್ತಿ ಹೊರಗೆ ಹಾರಿದರೆ ಏನು ಮಾಡುತ್ತೀಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಈಗ ಬೀಕನ್, ಸೀಟಿ, ಲೈಟರ್, ಟ್ಯೂಬಿನ ಪಟ್ಟಿ, ಮಡಚಿದ ಪ್ಲಾಸ್ಟಿಕ್ ಹಾಳೆ ಎಲ್ಲ ಸೊಂಟದ ಪಟ್ಟಿಯಲ್ಲಿವೆ. ಬೀಕನ್ನಿನ ನೋಂದಣಿಯಲ್ಲಿ ಕರೆ ಮಾಡಬೇಕಾದ ನಂಬರ್ ಅವನ ಅಮ್ಮನದು, ಎರಡನೆಯದು ನನ್ನದು. ಅವನು ಹಾರುವ ದಿನ ನಾನು ಫೋನ್ ಕೈಬಿಡುವುದಿಲ್ಲ.