ದೀಪ ಹೊತ್ತಿದಾಗ ಕೈ ಎಲ್ಲಿರಬೇಕು?

ಸಿಮ್ಯುಲೇಟರ್ ತರಬೇತುದಾರನಾಗಿ ನನ್ನ ಅರ್ಧ ಕೆಲಸ ಕೆಡಿಸುವುದೇ. ಕಲಿಯುವವನು ಕಾಕ್‌ಪಿಟ್‌ನಲ್ಲಿ ಕೂತು ಹಾರಿಸುತ್ತಿರುತ್ತಾನೆ. ಹಿಂದೆ ಕನ್ಸೋಲ್ ಮುಂದೆ ಕೂತ ನಾನು ಒಂದು ಗುಂಡಿ ಒತ್ತಿ ಅವನ ಎಂಜಿನ್ನಿಗೆ ಬೆಂಕಿ ಹಚ್ಚುತ್ತೇನೆ, ಇನ್ನೊಂದು ಒತ್ತಿ ಹೈಡ್ರಾಲಿಕ್ ಒತ್ತಡ ಇಳಿಸುತ್ತೇನೆ. ಆಮೇಲೆ ಅವನ ಕೈ ನೋಡುತ್ತಾ ಕೂರುತ್ತೇನೆ. ಮುಖ ಸುಳ್ಳು ಹೇಳಬಹುದು, ಕೈ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ಬಂದ. ಮನೆಯ ಕಂಪ್ಯೂಟರಿನಲ್ಲಿ ಯುದ್ಧವಿಮಾನದ ಸಿಮ್ಯುಲೇಟರ್ ಆಡಿ ಆಡಿ ಪಳಗಿದವನು. ಕಣ್ಣು ಕಟ್ಟಿ ಕೂರಿಸಿದರೂ ಯಾವ ಸ್ವಿಚ್ ಎಲ್ಲಿದೆ ಎಂದು ಮುಟ್ಟಿ ತೋರಿಸುತ್ತಿದ್ದ. ಮೊದಲ ದಿನವೇ ಎಡ ಎಂಜಿನ್ನಿನ ಬೆಂಕಿ ದೀಪ ಹೊತ್ತಿಸಿದೆ. ಎರಡು ಸೆಕೆಂಡು ಆಗಿತ್ತೋ ಇಲ್ಲವೋ, ಎಂಜಿನ್ನಿನ ಶಕ್ತಿ ಏರಿಳಿಸುವ ಥ್ರಾಟಲ್ ಬಂದ್, ಇಂಧನ ಕಡಿಯುವ ಬೆಂಕಿ ಹಿಡಿಕೆ ಹೊರಕ್ಕೆ, ಬೆಂಕಿ ನಂದಿಸುವ ಅನಿಲವೂ ಖಾಲಿ. ಮುಗಿಸಿ ನನ್ನ ಕಡೆ ತಿರುಗಿದ, ಶಹಬ್ಬಾಸ್‌ಗಿರಿಗೆ ಕಾದವನಂತೆ. ನಾನು ಕೆಡಿಸಿದ್ದು ಸೆನ್ಸರನ್ನು ಮಾತ್ರ. ಎಂಜಿನ್ನಿನ ತಾಪ, ಸುತ್ತು, ಆಯಿಲ್ ಒತ್ತಡ ಎಲ್ಲವೂ ನೆಟ್ಟಗಿದ್ದವು. ಆ ಮೀಟರುಗಳ ಕಡೆ ಅವನು ಕಣ್ಣೆತ್ತಿಯೂ ನೋಡಿರಲಿಲ್ಲ. ಒಳ್ಳೆಯ ಎಂಜಿನ್ನನ್ನು ಅವನೇ ಕೊಂದಾಗಿತ್ತು. ಆಮೇಲೆ ನಾನು ಬಲಗಡೆಯದನ್ನು ನಿಜವಾಗಿಯೂ ಕೆಡಿಸಿದೆ. ಸ್ವಲ್ಪ ಕ್ರೂರವೇ, ಒಪ್ಪುತ್ತೇನೆ.

ಮನೆಯಲ್ಲಿ ಸಿಮ್ಯುಲೇಟರ್ ಹಾರಿಸುವವರು ತುರ್ತು ಕ್ರಮ ಅಂದರೆ ಬೆರಳಿನ ಚುರುಕುತನ ಅಂದುಕೊಳ್ಳುತ್ತಾರೆ. ನಿಜಕ್ಕೂ ಕಲಿಯಬೇಕಾದದ್ದು ದೀಪ ಹೊತ್ತುವುದಕ್ಕೂ ಕೈ ಎದ್ದು ಹೋಗುವುದಕ್ಕೂ ನಡುವಿನ ಆ ನಾಲ್ಕೈದು ಸೆಕೆಂಡನ್ನು. ನನಗೆ ಕಲಿಸಿದವರು ಹಳಬರು. ಏನೇ ಆಗಲಿ, ಮೊದಲು ಡ್ಯಾಶ್‌ಬೋರ್ಡಿನ ಗಡಿಯಾರ ಮುಟ್ಟಿ ಗಂಟೆ ಎಷ್ಟು ಅಂತ ಬಾಯಿಬಿಟ್ಟು ಹೇಳು ಅನ್ನುತ್ತಿದ್ದರು. ಗಡಿಯಾರಕ್ಕೆ ಕೀ ಕೊಡು ಅಂತ ಪೈಲಟ್‌ಗಳ ನಡುವೆ ಹಳೆಯ ಮಾತೇ ಇದೆ. ಗಂಟೆ ತಿಳಿದು ಆಗಬೇಕಾದ್ದೇನೂ ಇಲ್ಲ. ಕೈಗೆ ಅಪಾಯವಿಲ್ಲದ ಒಂದು ಕೆಲಸ ಕೊಟ್ಟರೆ ಅಷ್ಟು ಹೊತ್ತು ಕಣ್ಣಿಗೂ ತಲೆಗೂ ಬಿಡುವು ಸಿಗುತ್ತದೆ.

2015ರ ಫೆಬ್ರವರಿ 4ರಂದು ತೈಪೆಯಿಂದ ಮೇಲೇರಿದ ಟ್ರಾನ್ಸ್‌ಏಷ್ಯಾ 235 ವಿಮಾನದಲ್ಲಿ ಆ ಬಿಡುವು ಸಿಗಲಿಲ್ಲ. ಅದು ಎರಡು ಎಂಜಿನ್ನಿನ ಎಟಿಆರ್-72. ಬಲಗಡೆಯ ಎಂಜಿನ್ ಶಕ್ತಿ ಕೊಡುವುದನ್ನು ನಿಲ್ಲಿಸಿತು, ಕೈ ಹೋಗಿದ್ದು ಎಡಗಡೆಯ ಥ್ರಾಟಲ್‌ಗೆ. ತಪ್ಪು ಗೊತ್ತಾಗುವಷ್ಟರಲ್ಲಿ ಎತ್ತರ ಮುಗಿದಿತ್ತು. ಮೊದಲ ಎಚ್ಚರಿಕೆಯಿಂದ ನದಿಗೆ ಬೀಳುವವರೆಗೆ ಸುಮಾರು ಎರಡು ನಿಮಿಷ. ವಿಮಾನದಲ್ಲಿದ್ದ 58 ಜನರಲ್ಲಿ 43 ಮಂದಿ ಹೋದರು. ಅದು ಪ್ರಯಾಣಿಕರ ವಿಮಾನ ನಿಜ, ಆದರೆ ಕೈ ಎಲ್ಲ ಕಡೆಯೂ ಒಂದೇ.

ಹಾಗಾದರೆ ಬಾಯಿಪಾಠ ಬೇಡವೇ? ಬೇಕು. ಅಮೆರಿಕದ ವಾಯುಪಡೆಯ ಕೈಪಿಡಿಗಳಲ್ಲಿ ಕೆಲವು ಸಾಲುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ, ಅದಕ್ಕೆ ಬೋಲ್ಡ್‌ಫೇಸ್ ಎಂದೇ ಹೆಸರು. ಪುಸ್ತಕ ತೆರೆಯಲು ಹೊತ್ತಿಲ್ಲದ ಹೊತ್ತಿಗೆ ಬೇಕಾದ ಸಾಲುಗಳು ಅವು. ಅವನ್ನು ಅಕ್ಷರ ತಪ್ಪದೆ ಬರೆದು ತೋರಿಸಬೇಕು. ಒಂದೊಂದು ಕ್ರಮಕ್ಕೂ ಬೆರಳೆಣಿಕೆಯ ಸಾಲು, ಅಷ್ಟೇ. ಉಳಿದದ್ದೆಲ್ಲ ಪುಸ್ತಕ ತೆಗೆದು ಓದಿ ಮಾಡುವುದು. ಮನೆಯಲ್ಲಿ ಕಲಿಯುವವರು ನೂರು ಪುಟದ ತುರ್ತು ಅಧ್ಯಾಯವನ್ನು ಇಡಿಯಾಗಿ ಉರು ಹೊಡೆಯಲು ಹೊರಡುತ್ತಾರೆ, ಮೂರನೆಯ ದಿನ ಕೈಬಿಡುತ್ತಾರೆ. ದಪ್ಪ ಅಕ್ಷರದ್ದನ್ನು ಮಾತ್ರ ಕಲಿಯಿರಿ. ಕಲಿಯುವಾಗ ಕಂಪ್ಯೂಟರ್ ಹಚ್ಚಲೇಬೇಡಿ. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಥ್ರಾಟಲ್ ಇರಬೇಕಾದ ಕಡೆ ಕೈ ಆಡಿಸಿ. ನಿಜವಾದ ಪೈಲಟ್‌ಗಳು ಮಾಡುವುದೂ ಇದನ್ನೇ. ಮೌಸ್ ಹಿಡಿದು ಕಲಿತದ್ದು ಮೌಸ್ ಇರುವ ಕಡೆ ಮಾತ್ರ ನೆನಪಿಗೆ ಬರುತ್ತದೆ.

ಎಫ್-16 ತೆಗೆದುಕೊಳ್ಳಿ. ಮನೆಯ ಸಿಮ್ಯುಲೇಟರುಗಳಲ್ಲಿ ಬಹಳ ಮಂದಿ ಹಾರಿಸುವ ವಿಮಾನ, ಇರುವುದು ಒಂದೇ ಎಂಜಿನ್. ಅದು ಆರಿದರೆ ಜನರೇಟರ್ ನಿಂತಿತು, ಹೈಡ್ರಾಲಿಕ್ ನಿಂತಿತು. ಸ್ಟಿಕ್‌ಗೂ ರೆಕ್ಕೆಗೂ ನಡುವೆ ಇರುವುದು ಕಂಪ್ಯೂಟರ್ ಮತ್ತು ತಂತಿ. ಕರೆಂಟ್ ಇಲ್ಲದಿದ್ದರೆ ಕೈಯಲ್ಲಿರುವ ಸ್ಟಿಕ್ ಬರೀ ಕೋಲು. ಅದಕ್ಕೇ ಇಪಿಯು ಎಂಬ ತುರ್ತು ಯಂತ್ರವೊಂದು ಇದೆ, ಹೈಡ್ರಜೀನ್ ಎಂಬ ಇಂಧನ ಬಳಸಿ ಸುಮಾರು ಹತ್ತು ನಿಮಿಷ ಕರೆಂಟನ್ನೂ ಹೈಡ್ರಾಲಿಕ್ ಒತ್ತಡವನ್ನೂ ಕೊಡುತ್ತದೆ. ತಾನಾಗಿಯೇ ಶುರುವಾಗಬೇಕು, ಆದರೂ ಅದರ ಹಸಿರು ದೀಪ ಹೊತ್ತಿದೆಯೇ ಎಂದು ಕಣ್ಣಾರೆ ನೋಡಬೇಕು.

ಇನ್ನು ಲೆಕ್ಕ. ಎಂಜಿನ್ ಆರಿದ ಎಫ್-16 ಸರಿಯಾದ ವೇಗದಲ್ಲಿ ತೇಲಿಬಂದರೆ 5000 ಅಡಿ ಇಳಿಯುವಷ್ಟರಲ್ಲಿ ಸುಮಾರು 7 ನಾಟಿಕಲ್ ಮೈಲು ದೂರ ಹೋಗುತ್ತದೆ. ಹಗುರವಾಗಿದ್ದಾಗ ಆ ವೇಗ 200 ನಾಟ್‌ಗಿಂತ, ಅಂದರೆ ಗಂಟೆಗೆ 200 ನಾಟಿಕಲ್ ಮೈಲಿಗಿಂತ, ತುಸು ಹೆಚ್ಚು. ಗುಣಾಕಾರ ಮಾಡಿ ನೋಡಿ: 10,000 ಅಡಿ ಎತ್ತರವಿದ್ದರೆ ಕೈಯಲ್ಲಿರುವುದು ನಾಲ್ಕು ನಿಮಿಷ, ಅದೂ ಪೂರ್ತಿ ಅಲ್ಲ. ಕೇಳಿದವರಿಗೆ ಇಷ್ಟೇನಾ ಅನ್ನಿಸುತ್ತದೆ. ಕನ್ಸೋಲ್ ಮುಂದೆ ಕೂತವನಿಗೆ ಅದು ಧಾರಾಳ ಹೊತ್ತು. ಥ್ರಾಟಲ್ ಆಫ್ ಮಾಡಿ ಮತ್ತೆ ನಡುಮಟ್ಟಕ್ಕೆ ತರಲು, 20,000 ಅಡಿಗಿಂತ ಕೆಳಗೆ ಎಂಜಿನ್ನನ್ನು ತಿರುಗಿಸುವ ಜೆಟ್ ಸ್ಟಾರ್ಟರ್ ಹಾಕಲು, ಎಂಜಿನ್ನಿನ ಸುತ್ತು ಏರುವುದನ್ನು ಕಾಯಲು, ನಡುವೆ ರನ್‌ವೇ ಕಡೆ ಮೂತಿ ತಿರುಗಿಸಲು ಸಾಕು. ಆದರೆ ಹುಡುಗರು ಮಾಡುವುದು ತಿರುವುಮುರುವು. ತಲೆ ಬಗ್ಗಿಸಿ ಸ್ವಿಚ್ ಹುಡುಕುತ್ತಾರೆ, ಮೇಲೆ ನೋಡುವಾಗ ವೇಗ 160ಕ್ಕೆ ಇಳಿದಿರುತ್ತದೆ, ರನ್‌ವೇ ಬೆನ್ನ ಹಿಂದೆ ಇರುತ್ತದೆ. ಎಂಜಿನ್ ಮತ್ತೆ ಹೊತ್ತಿಕೊಂಡೀತು, ಬಿಟ್ಟೀತು. ಕಳೆದ ಎತ್ತರವಂತೂ ಬರುವುದಿಲ್ಲ. ಅದಕ್ಕೇ ಮೊದಲು ತಿರುಗಿ, ವೇಗ ಹಿಡಿಯಿರಿ, ಆಮೇಲೆ ಸ್ವಿಚ್ಚಿಗೆ ಕೈ ಹಾಕಿ.

ಇದೇ ವಿಮಾನದ ಇನ್ನೊಂದು ಕಾಯಿಲೆ ಡೀಪ್ ಸ್ಟಾಲ್. ಮೂಗು ಅರ್ಧ ಮೇಲೆತ್ತಿಕೊಂಡು ವಿಮಾನ ಮರದಿಂದ ಉದುರಿದ ಎಲೆಯ ಹಾಗೆ ತೊನೆಯುತ್ತಾ ಬೀಳುತ್ತದೆ. ಸ್ಟಿಕ್ ಮುಂದೆ ತಳ್ಳಿ ಹಿಡಿದರೂ ಕೇಳುವುದಿಲ್ಲ, ಕಂಪ್ಯೂಟರ್ ಅಡ್ಡ ನಿಂತಿರುತ್ತದೆ. ಎಡಗೈಯಲ್ಲಿ ಆ ಅಡ್ಡಿ ತೆಗೆಯುವ ಮ್ಯಾನುಯಲ್ ಪಿಚ್ ಸ್ವಿಚ್ ಒತ್ತಿ ಹಿಡಿದು, ಬಲಗೈಯಲ್ಲಿ ಮೂಗಿನ ಓಲಾಟಕ್ಕೆ ತಾಳ ಹಾಕಬೇಕು. ಮೂಗು ಏಳುವಾಗ ಎಳೆಯಬೇಕು, ಇಳಿಯುವಾಗ ತಳ್ಳಬೇಕು. ಓಲಾಟ ಹೆಚ್ಚಿ ಮೂಗು ಪೂರ್ತಿ ಕೆಳಗೆ ಬಾಗಿದರೆ ವಿಮಾನ ಬಿಡಿಸಿಕೊಳ್ಳುತ್ತದೆ. ಉಯ್ಯಾಲೆ ತೂಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದುರು ಬರುತ್ತಿರುವ ಉಯ್ಯಾಲೆಯನ್ನು ತಳ್ಳಿದರೆ ನಿಲ್ಲುತ್ತದೆ, ಹೋಗುತ್ತಿರುವುದನ್ನು ತಳ್ಳಿದರೆ ಏರುತ್ತದೆ. ಗಾಬರಿಯಾದವರು ಏಳುತ್ತಿರುವ ಮೂಗನ್ನೇ ಬಲವಂತವಾಗಿ ತಳ್ಳುತ್ತಾರೆ, ಓಲಾಟ ಸತ್ತುಹೋಗುತ್ತದೆ. ಮನೆಯ ಸಿಮ್ಯುಲೇಟರಿನಲ್ಲೂ ಇದನ್ನು ಕಲಿಯಬಹುದು. 30,000 ಅಡಿಯಿಂದ ಶುರುಮಾಡಿ, ನಾಲ್ಕಾರು ಸಲ ಸಾಯಿರಿ.

ಅಭ್ಯಾಸದ ಬಗ್ಗೆ ಒಂದು ಕಿರಿಕಿರಿ ಹೇಳಿಕೊಳ್ಳಬೇಕು. ಏನು ಕೆಡುತ್ತದೆ, ಯಾವಾಗ ಕೆಡುತ್ತದೆ ಎಂದು ಗೊತ್ತಿದ್ದು ಮಾಡಿದ್ದು ಅಭ್ಯಾಸವೇ ಅಲ್ಲ, ಒಗಟಿನ ಉತ್ತರ ನೋಡಿಕೊಂಡು ಒಗಟು ಬಿಡಿಸಿದ ಹಾಗೆ. ಮನೆಯ ಕಂಪ್ಯೂಟರಿನ ಯುದ್ಧವಿಮಾನ ಸಿಮ್ಯುಲೇಟರ್ ಡಿಸಿಎಸ್‌ನಲ್ಲಿ, ಹಾರಾಟವನ್ನು ನಾವೇ ರೂಪಿಸುವ ಮಿಷನ್ ಎಡಿಟರಿನಲ್ಲಿ, ವೈಫಲ್ಯಗಳಿಗೆ ಬೇರೆಯೇ ಪುಟವಿದೆ. ಎಷ್ಟು ಹೊತ್ತಿನ ನಂತರ, ಎಷ್ಟು ನಿಮಿಷದೊಳಗೆ, ಶೇಕಡಾ ಎಷ್ಟು ಸಾಧ್ಯತೆ ಎಂದು ತುಂಬಬಹುದು. ಹತ್ತು ವೈಫಲ್ಯ ಆರಿಸಿ, ಒಂದೊಂದಕ್ಕೂ ಕಡಿಮೆ ಸಾಧ್ಯತೆ ಕೊಟ್ಟು, ಎರಡು ವಾರ ಮರೆತುಬಿಡಿ. ಹಲವು ಹಾರಾಟಗಳಲ್ಲಿ ಏನೂ ಆಗುವುದಿಲ್ಲ. ಏನೂ ಆಗದ ಹಾರಾಟವೂ ಪಾಠದ ಭಾಗವೇ, ಎಚ್ಚರ ಕಾಯ್ದುಕೊಳ್ಳುವುದು ಅಲ್ಲೇ ರೂಢಿಯಾಗುತ್ತದೆ. ಆದಾಗ ಮಾತ್ರ ಎಸ್ಕೇಪ್ ಒತ್ತಿ ಮೊದಲಿಂದ ಶುರು ಮಾಡಬೇಡಿ. ನನ್ನ ಕಣ್ಣಿಗೆ ಮನೆಯ ಸಿಮ್ಯುಲೇಟರ್ ಕಲಿಸುವ ಅತಿ ಕೆಟ್ಟ ಚಾಳಿ ಅದು. ತಪ್ಪು ಎಂಜಿನ್ ನಿಲ್ಲಿಸಿದಿರಾ? ಅದೇ ವಿಮಾನದಲ್ಲಿ ಕೂತು ಮುಂದೇನು ಎಂದು ನೋಡಿ.

ಎಚ್ಚರಿಕೆ ದೀಪದ ವಿಷಯವೂ ಹಾಗೆಯೇ. ಏನೋ ಕೆಟ್ಟಿದೆ ಎಂದಷ್ಟೇ ಹೇಳುವ ಮಾಸ್ಟರ್ ಕಾಶನ್ ದೀಪ ಹೊತ್ತಿದ ಕೂಡಲೇ ಸೊಳ್ಳೆ ಹೊಡೆದ ಹಾಗೆ ಫಟ್ಟೆಂದು ಒತ್ತಿ ಆರಿಸುತ್ತಾರೆ. ಆರಿದ್ದು ದೀಪ, ದೋಷವಲ್ಲ. ಮೊದಲು ಯಾವುದು ಕೆಟ್ಟಿದೆ ಎಂದು ಕೆಳಗಿನ ಪ್ಯಾನಲ್ ಓದಿ, ಆಮೇಲೆ ಒತ್ತಿ. ಕ್ಷಿಪಣಿಯ ಚೂರು ತಗುಲಿದಾಗ ಹತ್ತು ದೀಪ ಒಟ್ಟಿಗೇ ಹೊತ್ತುತ್ತವೆ. ಆಗಲೂ ಮೊದಲ ಪ್ರಶ್ನೆ ವಿಮಾನ ನನ್ನ ಮಾತು ಕೇಳುತ್ತಿದೆಯೇ ಎಂಬುದೇ. ಎರಡನೆಯದು, ಹೊಡೆದವನು ಇನ್ನೂ ನೋಡುತ್ತಿದ್ದಾನೆಯೇ? ಶತ್ರುವಿನ ರಾಡಾರ್ ಕೆಳಗೆ ಚೆಕ್‌ಲಿಸ್ಟ್ ಓದುತ್ತಾ ಕೂತವರನ್ನು ನಾನು ಬಹಳ ನೋಡಿದ್ದೇನೆ.

ಕೈಪಿಡಿಯ ಎರಡು ಮಾತು ಕನ್ನಡಕ್ಕೆ ತಂದರೆ ಒಂದೇ ಆಗಿಬಿಡುತ್ತವೆ, ಎರಡೂ 'ಆದಷ್ಟು ಬೇಗ ಇಳಿಸು'. ಇಂಗ್ಲಿಷಿನಲ್ಲಿ ಒಂದು ಆಸ್ ಸೂನ್ ಆಸ್ ಪಾಸಿಬಲ್, ಇನ್ನೊಂದು ಆಸ್ ಸೂನ್ ಆಸ್ ಪ್ರಾಕ್ಟಿಕಲ್. ಮೊದಲನೆಯದು ಹತ್ತಿರದಲ್ಲಿ ಇಳಿಯಲು ತಕ್ಕ ಯಾವ ರನ್‌ವೇ ಕಂಡರೂ ಇಳಿ ಎನ್ನುತ್ತದೆ. ಎರಡನೆಯದರಲ್ಲಿ ಕೆಲಸ ಕೈಬಿಡು, ಆದರೆ ಹವೆ, ರನ್‌ವೇ ಉದ್ದ, ರಿಪೇರಿ ಸೌಕರ್ಯ ನೋಡಿಕೊಂಡು ಒಳ್ಳೆಯ ಕಡೆ ಇಳಿಸು ಎಂಬ ಅರ್ಥ. ಒಂದು ಜನರೇಟರ್ ಹೋದದ್ದಕ್ಕೆ ಬಿರುಗಾಳಿಯಲ್ಲಿ ಗಿಡ್ಡ ರನ್‌ವೇಗೆ ನುಗ್ಗಿ ವಿಮಾನ ಮುರಿದವರು ಈ ವ್ಯತ್ಯಾಸ ಓದಿರಲಿಲ್ಲ.

ಸಿಮ್ಯುಲೇಟರ್ ಕಲಿಸಲಾರದ್ದೂ ಇದೆ: ಹೊಗೆಯ ವಾಸನೆ, ಮೈಮೇಲೆ ಬೀಳುವ ಭಾರ, ಒಣಗಿದ ಬಾಯಿ. ಆಗ ಹೇಳಿದ ಹೈಡ್ರಜೀನ್ ವಿಷ, ನಿಜವಾದ ಎಫ್-16 ಹಾಗೆ ಇಳಿದರೆ ನೆಲದ ಸಿಬ್ಬಂದಿ ದೂರವೇ ನಿಲ್ಲುತ್ತಾರೆ. ಪರದೆಯಲ್ಲಿ ಅದೇನೂ ಇಲ್ಲ, ಇಳಿದರೆ ಚಪ್ಪಾಳೆ.

ಇಜೆಕ್ಷನ್, ಅಂದರೆ ಸೀಟಿನ ಸಮೇತ ವಿಮಾನದಿಂದ ಹೊರಹಾರುವ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಡಿಸಿಎಸ್‌ನಲ್ಲಿ ಕಂಟ್ರೋಲ್ ಮತ್ತು ಇ ಕೀಲಿಯನ್ನು ಮೂರು ಸಲ ಒತ್ತಿದರೆ ಸೀಟು ಹಾರುತ್ತದೆ, ಬೆನ್ನುಮೂಳೆಗೆ ಏನೂ ಆಗುವುದಿಲ್ಲ. ಹಾಗಿದ್ದೂ ಜನ ಒತ್ತುವುದಿಲ್ಲ. ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅನ್ನುತ್ತಾ ನೆಲಕ್ಕೆ ಬರುತ್ತಾರೆ. ಎಫ್-16ಗೆ ಹೇಳಿರುವ ಅಂಕಿ ಸರಳ: ಹಿಡಿತ ತಪ್ಪಿದ ವಿಮಾನವಾದರೆ ನೆಲದಿಂದ 6000 ಅಡಿಯಲ್ಲಿ, ಹಿಡಿತದಲ್ಲಿದ್ದರೆ 2000 ಅಡಿಗಿಂತ ಕೆಳಗಿಳಿಯುವ ಮೊದಲು ಬಿಟ್ಟು ಹೋಗು. ಆ ಅಂಕಿಯನ್ನು ಬೀಳುತ್ತಿರುವಾಗ ಯೋಚಿಸಿ ತೀರ್ಮಾನಿಸಲು ಆಗದು. ನನ್ನ ಮಂಡಿಯ ಮೇಲಿನ ಪ್ಯಾಡಿನಲ್ಲಿ ಹಾರುವ ಮೊದಲೇ ಬರೆದಿಟ್ಟ ಮೊದಲ ಸಾಲು ಯಾವಾಗಲೂ ಅದೇ. ಆ ಹುಡುಗನಿಗೂ ಹಾಗೇ ಬರೆಯಿಸಿದೆ, ಪೆನ್ಸಿಲಿನಲ್ಲಲ್ಲ, ಮಾರ್ಕರಿನಲ್ಲಿ.