ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟ ಬಡಿಸುವುದು ಹೇಗೆ?

ಆಂಟಿಬಯಾಟಿಕ್ ಬರೆದುಕೊಟ್ಟ ಚೀಟಿಯಲ್ಲೇ ಒಂದು ಪ್ರೋಬಯಾಟಿಕ್ ಕ್ಯಾಪ್ಸೂಲೂ ಇರುವುದು ಈಗ ಮಾಮೂಲಿ. ಚೀಟಿಯಿಲ್ಲದೆ ತಾವೇ ಕೊಂಡು ನುಂಗುವವರೂ ಬಹಳ. ನಿಜಕ್ಕೂ ಪ್ರೋಬಯಾಟಿಕ್ ಎಂದು ಯಾವುದನ್ನು ಕರೆಯಬಹುದು? ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಹಾಗೂ ಕೃಷಿ ಸಂಸ್ಥೆಯ ತಜ್ಞರು 2001ರಲ್ಲೇ ಇದಕ್ಕೆ ಮೂರು ಷರತ್ತು ಹಾಕಿದ್ದಾರೆ: ಸೂಕ್ಷ್ಮಜೀವಿ ಜೀವಂತವಾಗಿರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಅದರಿಂದ ಆರೋಗ್ಯಕ್ಕೆ ಲಾಭವಾಗಬೇಕು.

ಮೊದಲ ಷರತ್ತಿನಲ್ಲೇ ನಮ್ಮ ಅನೇಕ ಹುದುಗಿನ ತಿನಿಸುಗಳು ಹೊರಗೆ ಬೀಳುತ್ತವೆ. ಇಡ್ಲಿ ಹಿಟ್ಟು ಉಬ್ಬುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾದಿಂದ. ಆದರೆ ಹತ್ತು ನಿಮಿಷದ ಹಬೆಯಲ್ಲಿ ಅದು ಸತ್ತುಹೋಗುತ್ತದೆ. ಹಾಗೆಂದು ಇಡ್ಲಿ ವ್ಯರ್ಥವಲ್ಲ. ಹುದುಗುವಾಗ ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಉದ್ದಿನ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ಕಬ್ಬಿಣ, ಸತು ಹೀರಿಕೊಳ್ಳುವುದು ಸುಲಭವಾಗುತ್ತದೆ. ಕುದಿಸಿದ ಮಜ್ಜಿಗೆ ಹುಳಿಯಲ್ಲೂ ಜೀವಾಣು ಉಳಿಯುವುದಿಲ್ಲ. ನಮ್ಮ ಬಹುಪಾಲು ಉಪ್ಪಿನಕಾಯಿ ಕೆಡದೆ ಉಳಿಯುವುದು ಉಪ್ಪು ಮತ್ತು ಹುಳಿಯ ಬಲದಿಂದ. ಅಷ್ಟು ಉಪ್ಪಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾವೂ ಬೆಳೆಯದು.

ಜೀವಂತವಾಗಿ ಹೊಟ್ಟೆಗೆ ಹೋಗುವುದು ಮೊಸರು, ಮಜ್ಜಿಗೆ. ಆದ್ದರಿಂದ ಹೆಪ್ಪು ಹಾಕುವುದನ್ನು ಸರಿಯಾಗಿ ಕಲಿಯುವುದು ಲೇಸು. ಹಾಲನ್ನು ಚೆನ್ನಾಗಿ ಕುದಿಸಿ 40ರಿಂದ 43 ಡಿಗ್ರಿ ಸೆಲ್ಸಿಯಸ್‌ಗೆ ಆರಿಸಿ. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟರೆ ಬೆಚ್ಚಗೆನಿಸಬೇಕು, ಚುರುಕ್ ಅನ್ನಬಾರದು. ಅರ್ಧ ಲೀಟರಿಗೆ ಒಂದು ಟೀ ಚಮಚ ತಾಜಾ ಮೊಸರನ್ನು ಗಂಟಿಲ್ಲದಂತೆ ಕದಡಿ ಬೆರೆಸಿ, ಮುಚ್ಚಿಟ್ಟು, ಮತ್ತೆ ಅಲುಗಾಡಿಸಬೇಡಿ. ಆಮ್ಲ ಹೆಚ್ಚುತ್ತಾ ಪಿಎಚ್ 4.6ರ ಸುಮಾರಿಗೆ ಇಳಿದಾಗ ಹಾಲಿನ ಕೇಸಿನ್ ಪ್ರೋಟೀನು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಐದಾರು ಗಂಟೆ ಸಾಕು, ಮಲೆನಾಡಿನ ಚಳಿಯಲ್ಲಿ ಎಂಟು ಹತ್ತು ಗಂಟೆ ಬೇಕು. ಗಟ್ಟಿಯಾದ ಕೂಡಲೇ ಫ್ರಿಜ್‌ಗಿಡದಿದ್ದರೆ ಹುಳಿ ಏರುತ್ತಲೇ ಹೋಗುತ್ತದೆ.

ಹಾಲು ತೀರಾ ಬಿಸಿಯಿದ್ದರೆ ಹೆಪ್ಪು ಸಾಯುತ್ತದೆ. ತಣ್ಣಗಿದ್ದರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಉದ್ದನೆಯ ಸಕ್ಕರೆ ಸರಪಳಿಗಳನ್ನು ತಯಾರಿಸುತ್ತವೆ; ಮೊಸರು ನೂಲಿನಂತೆ ಎಳೆಯುತ್ತದೆ. ಅಂಥ ಮೊಸರನ್ನು ಮುಂದಿನ ಹೆಪ್ಪಿಗೆ ಬಳಸಬೇಡಿ. ಹಳ್ಳಿಯಲ್ಲಿ ಎಲ್ಲ ಸರಿಯಿದ್ದೂ ಹಾಲು ಹೆಪ್ಪಾಗದಿದ್ದರೆ, ಕೆಚ್ಚಲು ಬಾವಿಗೆ ಹಸುವಿಗೆ ಆಂಟಿಬಯಾಟಿಕ್ ಕೊಟ್ಟಿದ್ದರೇ ಎಂದು ವಿಚಾರಿಸಿ. ಔಷಧದ ಅಂಶ ಹಾಲಿಗೆ ಇಳಿದಿದ್ದರೆ ಹೆಪ್ಪು ಬೆಳೆಯುವುದಿಲ್ಲ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಕುಡಿಯಲೂ ಬಾರದು.

ಮನೆ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಅಳೆದವರಿಲ್ಲ. ಆದ್ದರಿಂದ ಕಟ್ಟುನಿಟ್ಟಾಗಿ ಅದು ಪ್ರೋಬಯಾಟಿಕ್ ಅಲ್ಲ. ಪ್ರಯೋಜನ ಮಾತ್ರ ಇದ್ದೇ ಇದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಒಗ್ಗುವುದು, ಅದರ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವುದರಿಂದ. 2021ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ 36 ಮಂದಿಯ ಪೈಕಿ ಒಂದು ಗುಂಪು ಹತ್ತು ವಾರ ಹುದುಗಿನ ಆಹಾರ ತಿಂದಿತು. ಅವರ ಕರುಳಿನ ಜೀವಾಣು ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ಆದರೆ ಅವರು ತಿಂದದ್ದು ದಿನಕ್ಕೆ ಸುಮಾರು ಆರು ಬಾರಿ ಬಡಿಸುವಷ್ಟು; ಒಂದು ಚಮಚ ಮೊಸರಿನಿಂದ ಅಷ್ಟನ್ನು ನಿರೀಕ್ಷಿಸಲಾಗದು.

ಕ್ಯಾಪ್ಸೂಲಿನ ವಿಷಯದಲ್ಲಿ ತಳಿಯೇ ಸರ್ವಸ್ವ. ಆಂಟಿಬಯಾಟಿಕ್‌ನಿಂದಾಗುವ ಭೇದಿ ತಡೆಯಲು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಮತ್ತು ಸ್ಯಾಕರೊಮೈಸಿಸ್ ಬೌಲಾರ್ಡೈ ಎಂಬ ಯೀಸ್ಟಿಗೆ ತಕ್ಕಮಟ್ಟಿನ ಪುರಾವೆಯಿದೆ. ಮೊದಲನೆಯದು ಬ್ಯಾಕ್ಟೀರಿಯಾ, ಆಂಟಿಬಯಾಟಿಕ್ ನುಂಗಿ ಎರಡು ಗಂಟೆಯಾದರೂ ಬಿಟ್ಟು ತೆಗೆದುಕೊಳ್ಳಬೇಕು. ಯೀಸ್ಟನ್ನು ಆಂಟಿಬಯಾಟಿಕ್ ಕೊಲ್ಲುವುದಿಲ್ಲ, ಶಿಲೀಂಧ್ರದ ಔಷಧ ಕೊಲ್ಲುತ್ತದೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ನಾವು ಹೆಮ್ಮೆಪಡುವಂಥದ್ದು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಆಹಾರವಾಗುವ ಸಕ್ಕರೆಯೊಡನೆ ಏಳು ದಿನ ಕೊಟ್ಟಾಗ ನಂಜು ಮತ್ತು ಸಾವು ಸೇರಿ 9 ಶೇಕಡಾದಿಂದ 5.4ಕ್ಕೆ ಇಳಿದವು. ಬೇರೆ ತಳಿ ಕೊಟ್ಟಿದ್ದರೂ ಇದೇ ಫಲ ಸಿಗುತ್ತಿತ್ತೆಂದು ಹೇಳಲಾಗದು. ಇನ್ನೊಂದೆಡೆ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನದಲ್ಲಿ, ಆಂಟಿಬಯಾಟಿಕ್ ನಂತರ 11 ತಳಿಗಳ ಮಿಶ್ರಣ ನುಂಗಿದವರಲ್ಲಿ ಸ್ವಂತ ಜೀವಾಣುಗಳು ಮರಳುವುದೇ ತಡವಾಯಿತು. ಕಾರಣವಿಲ್ಲದೆ ತಿಂಗಳುಗಟ್ಟಲೆ ನುಂಗುವವರು ಇದನ್ನು ಗಮನಿಸಬೇಕು. ಕೊಳ್ಳುವಾಗ ತಳಿಯ ಪೂರ್ಣ ಹೆಸರಿದೆಯೇ, ಅವಧಿ ಮುಗಿಯುವವರೆಗೂ ಇರುವ ಜೀವಾಣುಗಳ ಸಂಖ್ಯೆ ಬರೆದಿದೆಯೇ ನೋಡಿ. ಪ್ರೋಬಯಾಟಿಕ್ ಆಹಾರದಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಇರಬೇಕೆಂಬುದು ನಮ್ಮ ದೇಶದ ನಿಯಮ.

ನುಂಗಿದ ತಳಿಗಳು ಹೆಚ್ಚಿನವರಲ್ಲಿ ಬೇರೂರುವುದಿಲ್ಲ; ನಿಲ್ಲಿಸಿದ ಕೆಲವು ದಿನ, ವಾರಗಳಲ್ಲಿ ಮಾಯವಾಗುತ್ತವೆ. ಹುಟ್ಟಿನಿಂದ ಒಳಗೇ ನೆಲೆಸಿದವಕ್ಕೆ ಬೇಕಾದದ್ದು ನಾರು. ನಾವು ಜೀರ್ಣಿಸಲಾಗದ ನಾರನ್ನು ಅವು ದೊಡ್ಡ ಕರುಳಿನಲ್ಲಿ ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಕೊಡುತ್ತವೆ. ಅಲ್ಲಿನ ಒಳಪದರದ ಕೋಶಗಳಿಗೆ ಅದೇ ಮುಖ್ಯ ಇಂಧನ. 2,000 ಕಿಲೋಕ್ಯಾಲರಿ ಊಟಕ್ಕೆ ಸುಮಾರು 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲಿ 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮಿಗಿಂತ ಕಡಿಮೆ. ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು ಉಂಡು ಮೇಲೊಂದು ಕ್ಯಾಪ್ಸೂಲ್ ನುಂಗಿದರೆ ಒಳಗಿನವು ಉಪವಾಸವೇ.

ಆದರೆ ಒಂದೇ ದಿನದಲ್ಲಿ ಏರಿಸಿದರೆ ಹೊಟ್ಟೆ ಉಬ್ಬರ, ವಾಯು ಖಂಡಿತ. ವಾರಕ್ಕೆ ಐದು ಗ್ರಾಮಿನಂತೆ ಹೆಚ್ಚಿಸಿ, ನೀರನ್ನೂ ಹೆಚ್ಚು ಕುಡಿಯಿರಿ. ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ ಆ ನೀರು ಚೆಲ್ಲಿದರೆ ವಾಯು ಮಾಡುವ ಸಕ್ಕರೆಗಳ ಒಂದು ಪಾಲು ಹೋಗುತ್ತದೆ. ಐಬಿಎಸ್ ಎಂಬ, ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ಕರುಳಿನ ತೊಂದರೆ ಇರುವವರಿಗೆ ಈರುಳ್ಳಿ, ಬೆಳ್ಳುಳ್ಳಿ, ಕೆಲವು ಕಾಳುಗಳೇ ತೊಂದರೆ ಕೊಡಬಹುದು. ಅವರು ಆಹಾರತಜ್ಞರ ಜೊತೆ ಕೂತು ಪಟ್ಟಿ ಮಾಡುವುದು ಮೇಲು.

ತಂಗಳನ್ನದ ಬಗ್ಗೆ ಈಗ ಬಹಳ ಮಾತಿದೆ. ಬೆಂದ ಅನ್ನ ತಣ್ಣಗಾದಾಗ ಪಿಷ್ಟದ ಒಂದು ಅಂಶ ಜೀರ್ಣವಾಗದ ರೂಪಕ್ಕೆ ತಿರುಗಿ ನಾರಿನಂತೆ ಕೆಲಸ ಮಾಡುವುದು ನಿಜ. ಅಪಾಯವೂ ಅಲ್ಲೇ ಇದೆ: ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗಿನ ಅನ್ನದಲ್ಲಿ ಮೊಳೆತು ವಿಷ ಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕುದಿಸಿದರೂ ಹೋಗದು. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗಿಟ್ಟು, ಮರುದಿನವೇ ಮುಗಿಸಿ.

ನನ್ನ ಆಯ್ಕೆ ಕೇಳಿದರೆ ರಾಗಿ ಅಂಬಲಿ. ಮೂರು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕಲಸಿ, ಎರಡು ಲೋಟ ಕುದಿಯುವ ನೀರಿಗೆ ತಿರುವುತ್ತಾ ಸುರಿದು, ಐದಾರು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ. ಬಿಸಿಯಲ್ಲೇ ಮಜ್ಜಿಗೆ ಬೆರೆಸಿದರೆ ನಾರು ಉಳಿಯುತ್ತದೆ, ಜೀವಾಣು ಉಳಿಯದು.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿಯಾದವರು, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಪ್ರೋಬಯಾಟಿಕ್ ಮುಟ್ಟಬಾರದು. ಅವಧಿಪೂರ್ವ ಶಿಶುಗಳಿಗೂ ಹಾಗೇ ಕೊಡಬಾರದು. ಇಂಥವರಲ್ಲಿ ಆ ಜೀವಾಣುಗಳೇ ರಕ್ತಕ್ಕೆ ಸೇರಿ ಸೋಂಕಾದ ಉದಾಹರಣೆಗಳಿವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಮೊಸರು, ಕ್ಯಾಪ್ಸೂಲ್ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.