ಕೆಲಸ ಹುಡುಕುವವರ ಎದುರಿನ ಕುರ್ಚಿ

ಕೆಲಸ ಕಳೆದುಕೊಂಡವರಿಗೆ ಮೊದಲು ಬೇಕಾಗುವುದು ಹಣ, ಅದರಲ್ಲಿ ಅನುಮಾನವಿಲ್ಲ. ಆದರೆ ತಿಂಗಳುಗಳು ಕಳೆದಂತೆ ಹಣದ ಜೊತೆಗೆ ಬೇರೇನೋ ಕೈಜಾರತೊಡಗುತ್ತದೆ ಎಂಬುದನ್ನು 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಟಾಲ್ ಎಂಬ ಹಳ್ಳಿಯಲ್ಲಿ ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಅವರ ಸಂಗಡಿಗರು ಹತ್ತಿರದಿಂದ ಕಂಡು ದಾಖಲಿಸಿದರು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಅಲ್ಲಿ ಮುಚ್ಚಿಹೋಗಿತ್ತು. ಬೀದಿಯಲ್ಲಿ ಓಡಾಡುವವರ ನಡಿಗೆಯನ್ನು ಸಂಶೋಧಕರು ಗಡಿಯಾರ ಹಿಡಿದು ಅಳೆದಾಗ, ತುರ್ತಾಗಿ ಹೋಗಬೇಕಾದ ಜಾಗವೇ ಇಲ್ಲದ ಗಂಡಸರು ದಾರಿಯುದ್ದಕ್ಕೂ ಮತ್ತೆ ಮತ್ತೆ ನಿಲ್ಲುತ್ತಿದ್ದುದು ಕಂಡಿತು. ಗ್ರಂಥಾಲಯದ ಶುಲ್ಕವನ್ನು ತೆಗೆದುಹಾಕಿದ್ದರೂ ಪುಸ್ತಕ ಒಯ್ಯುವುದು ಬಹಳ ಕಡಿಮೆಯಾಗಿತ್ತು. ಕೆಲಸ ಹುಡುಕುವುದನ್ನೇ ಕೈಬಿಟ್ಟವರನ್ನು ಸೋಮಾರಿಗಳೆಂದು ಕರೆಯುವ ಮೊದಲು ಈ ಹಳ್ಳಿಯನ್ನು ನೆನೆಯಬೇಕು.

ಸರ್ಕಾರಗಳು ಈ ವಿಷಯಕ್ಕೆ ಕೈಹಾಕಿದ್ದು ಅದಕ್ಕೂ ಮೊದಲೇ. ಬ್ರಿಟನ್ನಿನಲ್ಲಿ 1909ರ ಕಾಯ್ದೆಯ ಬಲದಿಂದ ಮರುವರ್ಷ ಉದ್ಯೋಗ ವಿನಿಮಯ ಕೇಂದ್ರಗಳು ತೆರೆದವು. ದಿನಗೂಲಿಗಾಗಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅಲೆಯುವ ಕಾರ್ಮಿಕನಿಗೆ ಎಲ್ಲಿ ಕೆಲಸವಿದೆ ಎಂಬ ಮಾಹಿತಿ ಒಂದೇ ಕಡೆ ಸಿಕ್ಕರೆ ಸಾಕು ಎಂಬುದು ಈ ಕೇಂದ್ರಗಳಿಗಾಗಿ ವಾದಿಸಿದ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ ಅವರ ಆಲೋಚನೆಯಾಗಿತ್ತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವೂ ಉಚಿತ ಸಾರ್ವಜನಿಕ ಕೇಂದ್ರಗಳನ್ನು ಬಯಸಿತು. ಖಾಲಿ ಹುದ್ದೆಗಳ ಪಟ್ಟಿಗೂ ಹೆಸರು ನೋಂದಾಯಿಸಿದವರ ಪಟ್ಟಿಗೂ ತಾಳೆ ಹಾಕುವುದೇ ಆ ಕೇಂದ್ರಗಳ ಮುಖ್ಯ ಕೆಲಸವಾಗಿತ್ತು.

ಆ ಪಟ್ಟಿಗಳಾಚೆ ಯೋಚಿಸಿದ್ದು ಸ್ವೀಡನ್. ಅಲ್ಲಿಯ ಕಾರ್ಮಿಕ ಸಂಘಗಳ ಒಕ್ಕೂಟದ ಅರ್ಥಶಾಸ್ತ್ರಜ್ಞರಾದ ಯೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್ 1951ರಲ್ಲಿ ಮಂಡಿಸಿದ ಯೋಜನೆಯ ಪ್ರಕಾರ, ಸೊರಗಿದ ಕಾರ್ಖಾನೆಯನ್ನು ಉಳಿಸಿಕೊಳ್ಳುವುದಕ್ಕಿಂತ ಅಲ್ಲಿಯ ಕಾರ್ಮಿಕನಿಗೆ ಹೊಸ ಕಸುಬು ಕಲಿಸಿ, ಕೆಲಸವಿರುವ ಊರಿಗೆ ಹೋಗಲು ನೆರವಾಗುವುದೇ ಮೇಲು. ನಿರುದ್ಯೋಗ ಭತ್ಯೆ ಕೊಟ್ಟು ಸುಮ್ಮನಾಗದೆ ಜನರನ್ನು ಮತ್ತೆ ದುಡಿಮೆಗೆ ಅಣಿಗೊಳಿಸುವ ಈ ಬಗೆಯ ನೀತಿಯಲ್ಲಿ ನೆರವೇ ಮುಂದಿತ್ತು, ಷರತ್ತು ಅದರ ಹಿಂದೆ ಬರುತ್ತಿತ್ತು.

1990ರ ದಶಕದಲ್ಲಿ ಈ ಕ್ರಮ ಬಹುಮಟ್ಟಿಗೆ ತಿರುವುಮುರುವಾಯಿತು. ಬ್ರಿಟನ್ನಿನಲ್ಲಿ 1996ರಿಂದ, ಭತ್ಯೆ ಬೇಕೆಂದವರು ತಾವು ಹೇಗೆ ಕೆಲಸ ಹುಡುಕುತ್ತೇವೆಂದು ಬರೆದ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಜರ್ಮನಿಯಲ್ಲಿ 2005ರ ಸುಧಾರಣೆ ‘ನೆರವೂ ಉಂಟು, ನಿರೀಕ್ಷೆಯೂ ಉಂಟು’ ಎಂದು ಸಾರಿತಾದರೂ, ಷರತ್ತು ಮುರಿದವರ ಭತ್ಯೆ ಎಷ್ಟು ಕಡಿತವಾಯಿತೆಂದರೆ 2019ರಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯವೇ ಮಧ್ಯೆ ಬಂದು, ಶೇಕಡಾ 30ನ್ನು ಮೀರಿದ ಕಡಿತ ಸಲ್ಲದೆಂದು ತೀರ್ಪಿತ್ತಿತು. ಹಸಿವಿನ ಭಯದಿಂದ ಸಿಕ್ಕ ಕೆಲಸಕ್ಕೆ ಒಪ್ಪಿಕೊಂಡವರನ್ನು ‘ಉದ್ಯೋಗ ಪಡೆದವರು’ ಎಂದು ಲೆಕ್ಕಕ್ಕೆ ಸೇರಿಸುವುದು ನನಗಂತೂ ನ್ಯಾಯವೆನಿಸುವುದಿಲ್ಲ.

ಹಾಗಾದರೆ ನಿಜವಾಗಿ ನೆರವಾಗುವುದು ಯಾವುದು? ಮನೋವಿಜ್ಞಾನಿ ನೇಥನ್ ಏಜ್ರಿನ್ ಅಮೆರಿಕದಲ್ಲಿ ನಡೆಸಿ 1975ರಲ್ಲಿ ವರದಿ ಮಾಡಿದ ‘ಜಾಬ್ ಕ್ಲಬ್’ ಪ್ರಯೋಗದಲ್ಲಿ ಕೆಲಸ ಹುಡುಕುವುದನ್ನೇ ದಿನನಿತ್ಯದ ದುಡಿಮೆಯಾಗಿ ನಡೆಸಲಾಯಿತು. ಒಂದಷ್ಟು ಜನ ಪ್ರತಿದಿನ ಸೇರುತ್ತಿದ್ದರು. ಅರ್ಜಿ ಬರೆಯಲು ಸಲಕರಣೆ ಅಲ್ಲೇ ಇರುತ್ತಿತ್ತು. ಒಬ್ಬರು ಫೋನಿನಲ್ಲಿ ಕೆಲಸ ವಿಚಾರಿಸುವಾಗ ಜೊತೆಗಾರರು ಕೇಳಿಸಿಕೊಂಡು, ಮಾತು ಎಲ್ಲಿ ತಡವರಿಸಿತೆಂದು ಹೇಳಿಕೊಡುತ್ತಿದ್ದರು. ಮೂರು ತಿಂಗಳಲ್ಲಿ ಅವರಲ್ಲಿ ಶೇಕಡಾ 92ರಷ್ಟು ಮಂದಿಗೆ ಕೆಲಸ ಸಿಕ್ಕಿತು. ಈ ನೆರವಿಲ್ಲದೆ ಹುಡುಕಿದವರಲ್ಲಿ ಸಿಕ್ಕಿದ್ದು ಶೇಕಡಾ 60ರಷ್ಟು ಮಂದಿಗೆ. ಮರಿಯೆಂಟಾಲಿನ ಗಂಡಸರಿಗೆ ಇಲ್ಲದೇ ಹೋಗಿದ್ದು ಇದೇ: ಬೆಳಿಗ್ಗೆ ಎದ್ದು ಹೋಗಲೊಂದು ಜಾಗ, ಕಾದು ಕುಳಿತ ನಾಲ್ಕು ಜನ.

ಆದರೂ ಎಲ್ಲವೂ ಎಲ್ಲ ಕಡೆ ಫಲ ಕೊಟ್ಟಿಲ್ಲ. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮತ್ತು ಸಹೋದ್ಯೋಗಿಗಳು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಹುಡುಕಾಟದ ನೆರವು ಬೇಗ ಫಲಿಸುತ್ತದೆ, ತರಬೇತಿಯ ಪ್ರಯೋಜನ ಕಾಣಲು ಎರಡು ಮೂರು ವರ್ಷ ಬೇಕು ಎಂಬುದು ತಿಳಿಯಿತು. ಫ್ರಾನ್ಸಿನ ಯುವ ಪದವೀಧರರ ಮೇಲಿನ ದೊಡ್ಡ ಪ್ರಯೋಗವೊಂದು 2013ರಲ್ಲಿ ಇನ್ನೂ ಕಹಿಯಾದ ಸತ್ಯ ಹೇಳಿತು: ಕೆಲಸ ಹುಡುಕಲು ಸಲಹೆ ಪಡೆದವರಿಗೆ ಸಿಕ್ಕ ಕೆಲಸದ ಒಂದು ಪಾಲು, ಸಲಹೆ ಸಿಗದೆ ಅದೇ ಸರತಿಯಲ್ಲಿ ನಿಂತಿದ್ದವರ ಕೈತಪ್ಪಿದ ಕೆಲಸವೇ ಆಗಿತ್ತು. ಹುದ್ದೆಗಳೇ ಹೆಚ್ಚದಿದ್ದಾಗ ಸಲಹೆ ಸರತಿಯನ್ನು ಅದಲುಬದಲು ಮಾಡೀತು, ಮೊಟಕು ಮಾಡಲಾರದು.

ಉದ್ಯೋಗ ಕಚೇರಿಗಳಲ್ಲಿ ಇಂಥ ಸಲಹೆ ಕೊಡುವ ಸಲಹೆಗಾರರ ಸಮಯದ ಪ್ರಶ್ನೆಯಂತೂ ಬಹುತೇಕ ಬಜೆಟ್ ಚರ್ಚೆಗಳಲ್ಲಿ ಬದಿಗೆ ಸರಿಯುತ್ತದೆ. ಒಬ್ಬ ಸಲಹೆಗಾರರ ಮೇಜಿಗೆ ನೂರಾರು ಹೆಸರು ಬಿದ್ದರೆ, ಎದುರಿನ ಕುರ್ಚಿಯಲ್ಲಿ ಕುಳಿತವರು ಏನು ಬಲ್ಲರು, ಯಾಕೆ ಸಂದರ್ಶನದಲ್ಲಿ ಸೋಲುತ್ತಿದ್ದಾರೆ ಎಂದು ವಿಚಾರಿಸಲು ಸಮಯವೆಲ್ಲಿ? ಜರ್ಮನಿಯ 14 ಕಚೇರಿಗಳಲ್ಲಿ ಹೆಚ್ಚು ಸಲಹೆಗಾರರನ್ನು ನೇಮಿಸಿ ಈ ಹೊರೆ ಇಳಿಸಿದಾಗ ಅವರು ಷರತ್ತುಗಳನ್ನು ಬಿಗಿಯಾಗಿ ಜಾರಿಗೊಳಿಸಿದ್ದು ನಿಜ. ಜೊತೆಗೆ ಉದ್ಯೋಗದಾತರನ್ನು ಸಂಪರ್ಕಿಸಿ ಹೆಚ್ಚು ಖಾಲಿ ಹುದ್ದೆಗಳನ್ನೂ ಹುಡುಕಿ ತಂದರು. ನಿರುದ್ಯೋಗದ ಅವಧಿ ಮೊಟಕಾಯಿತು, ಹೊಸ ಸಿಬ್ಬಂದಿಯ ಸಂಬಳಕ್ಕೆ ತಗಲಿದ ವೆಚ್ಚವು ಉಳಿದ ಭತ್ಯೆಯ ಹಣದಲ್ಲಿ ಸುಮಾರು ಹತ್ತು ತಿಂಗಳಲ್ಲೇ ಹಿಂತಿರುಗಿತು.